ನಿರ್ಮಾಣ ಕಾಮಗಾರಿ ಮತ್ತು ನಿವೇಶನದ ಮರಗಳು: ಉದ್ಯಮಿಗಳು ಅರಿತಿರಬೇಕಾದ ಸಂಗತಿಗಳು

ಕಾರ್ಖಾನೆಯ ವಿಸ್ತರಣೆಗೆ ಹೊರಟ ಉದ್ಯಮಿಯು ಲೆಕ್ಕ ಪರಿಶೋಧಕನ ಬಳಿ ಬಂದಾಗ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ನಿಗದಿಯಾದವು. ಬ್ಯಾಂಕಿನ ಸಾಲಕ್ಕೆ ಬಡ್ಡಿ ಎಷ್ಟು, ಕಟ್ಟಡಕ್ಕೆ ಸವಕಳಿ ಯಾವ ದರದಲ್ಲಿ, ಗುತ್ತಿಗೆದಾರನಿಗೆ ಹಣ ಕೊಡುವಾಗ ಎಷ್ಟು ತೆರಿಗೆ ಹಿಡಿಯಬೇಕು ಇತ್ಯಾದಿ. ನಿವೇಶನದಲ್ಲಿ ಈಗಾಗಲೇ ಬೆಳೆದು ನಿಂತಿರುವ ಮರಗಳ ವಿಷಯವಾಗಿ ನನ್ನ ವೃತ್ತಿಜೀವನದಲ್ಲಿ ವಿಚಾರಿಸಿದವರು ಒಬ್ಬರೇ. ಅವರೂ ವಿಚಾರಿಸಿದ್ದು ಮರ ಬಿದ್ದ ಮೇಲೆ.

ಈ ಮಿತ್ರರ ಕಾರ್ಖಾನೆಯು ಬೆಂಗಳೂರಿನ ತುಮಕೂರು ರಸ್ತೆಯ ಕಡೆಯ ಕೈಗಾರಿಕಾ ಪ್ರದೇಶವೊಂದರಲ್ಲಿದೆ. 2011ರಲ್ಲಿ ಅವರು ಎರಡನೆಯ ಶೆಡ್ಡು ಕಟ್ಟಿಸಿದರು. ನಿವೇಶನದ ಮೂಲೆಯಲ್ಲಿ ದೊಡ್ಡದೊಂದು ಮಳೆಮರವಿತ್ತು. ಅದನ್ನು ಕಡಿಯಬಾರದೆಂದು ಅವರು ಸ್ಪಷ್ಟವಾಗಿ ಹೇಳಿದ್ದರು. ನಕ್ಷೆಯಲ್ಲಿಯೂ 'ಉಳಿಸತಕ್ಕ ಮರ' ಎಂದು ಗುರುತಾಗಿತ್ತು. ಮರವನ್ನು ಯಾರೂ ಕಡಿಯಲಿಲ್ಲ. ಆದರೆ ಅದರ ನೆರಳಿನಲ್ಲಿ ಜಲ್ಲಿ ಮತ್ತು ಮರಳು ಸುರಿದರು, ಕಾಂಕ್ರೀಟ್ ಮಿಕ್ಸರ್ ತೊಳೆದ ನೀರನ್ನು ಬುಡಕ್ಕೇ ಬಿಟ್ಟರು, ವಿದ್ಯುತ್ ಕೇಬಲ್ಲಿಗಾಗಿ ಒಂದು ಪಕ್ಕದಲ್ಲಿ ಜೆಸಿಬಿಯಿಂದ ಮೂರು ಅಡಿ ಆಳದ ಕಾಲುವೆ ತೋಡಿದರು. ಪಾಯದಿಂದ ತೆಗೆದ ಮಣ್ಣನ್ನು ಹೊರಗೆ ಸಾಗಿಸಲು ಲಾರಿ ಬಾಡಿಗೆಯಾಗುತ್ತದೆಂದು ಬುಡದ ಸುತ್ತ ಎರಡು ಅಡಿ ಎತ್ತರಕ್ಕೆ ಹರಡಿ, ಮೇಲೆ ಪೇವರ್ ಕಲ್ಲು ಹಾಸಿದರು. ಎರಡು ವರ್ಷ ಮರ ಹಸಿರಾಗಿಯೇ ಇತ್ತು. ಮೂರನೆಯ ವರ್ಷ ನೆತ್ತಿಯ ಕೊಂಬೆಗಳು ಒಣಗತೊಡಗಿದವು. 2015ರ ಮೇ ತಿಂಗಳ ಗಾಳಿಮಳೆಯಲ್ಲಿ ಅದು ಕೇಬಲ್ ಕಾಲುವೆಗೆ ಎದುರು ದಿಕ್ಕಿನಲ್ಲಿ, ಅಂದರೆ ಹೊಸ ಶೆಡ್ಡಿನ ಮೇಲೆಯೇ, ಬುಡಸಮೇತ ಉರುಳಿತು.

ಪುಣ್ಯಕ್ಕೆ ರಾತ್ರಿಯ ಪಾಳಿ ಇರಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ. ಛಾವಣಿಯ ತಗಡು, ಎರಡು ಯಂತ್ರಗಳು ಮತ್ತು ಒಂದು ಸರಕು ವಾಹನ ಜಖಂಗೊಂಡವು. ಉತ್ಪಾದನೆ ಹನ್ನೊಂದು ದಿನ ನಿಂತಿತು. ವಿಮಾ ಕಂಪೆನಿಯ ಸರ್ವೇಯರ್ ಬಂದವರು ಬಿದ್ದ ಮರದ ಬೇರುಗಳ ಛಾಯಾಚಿತ್ರ ತೆಗೆದುಕೊಂಡರು. ಒಂದು ಪಕ್ಕದ ಬೇರುಗಳು ಯಂತ್ರದಿಂದ ಹರಿದ ಗುರುತು ನಾಲ್ಕು ವರ್ಷಗಳ ಬಳಿಕವೂ ಕಾಣುತ್ತಿತ್ತು. ಮರ ಬಿದ್ದುದು ಬಿರುಗಾಳಿಯಿಂದಲೋ ನಿಮ್ಮದೇ ಕಾಮಗಾರಿಯಿಂದಲೋ ಎಂಬ ಅವರ ಪ್ರಶ್ನೆಗೆ ಉತ್ತರ ಕೊಡುವುದರಲ್ಲಿ ಎಂಟು ತಿಂಗಳು ಕಳೆದವು. ಕೊನೆಗೆ ಬಂದ ಪರಿಹಾರ ಕೇಳಿದ್ದರ ಅರ್ಧಕ್ಕಿಂತ ಕಡಿಮೆ. ಉತ್ಪಾದನೆ ನಿಂತ ನಷ್ಟಕ್ಕೆ ವಿಮೆಯೇ ಇರಲಿಲ್ಲವಾದ್ದರಿಂದ ಆ ಮಾತೇ ಬರಲಿಲ್ಲ.

ನನ್ನ ಪಾಲನ್ನೂ ಹೇಳಿಬಿಡುತ್ತೇನೆ. ಆ ನಾಲ್ಕು ವರ್ಷವೂ ಲೆಕ್ಕ ಪರಿಶೋಧನೆಗೆ ಹೋದಾಗ ಅದೇ ಮರದ ಕೆಳಗೆ ಕಾರು ನಿಲ್ಲಿಸುತ್ತಿದ್ದೆ. ಸಹಜವಾಗಿ ಬೆಳೆದ ಮರದ ಕಾಂಡ ನೆಲ ಮುಟ್ಟುವಲ್ಲಿ ಅಗಲವಾಗಿ ಹರಡಿಕೊಂಡಿರುತ್ತದೆ. ಈ ಮರದ ಕಾಂಡವಾದರೋ ವಿದ್ಯುತ್ ಕಂಬದಂತೆ ನೆಟ್ಟಗೆ ನೆಲದೊಳಗೆ ಇಳಿದಿತ್ತು. ಬುಡಕ್ಕೆ ಮಣ್ಣು ಏರಿಸಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತಿಲ್ಲವೆಂದು ನನಗೆ ತಿಳಿದದ್ದು ತಡವಾಗಿ.

ಮರ ಸಾಯುವುದು ಎಲ್ಲಿಂದ

ಮರದ ಬೇರು ಎಂದೊಡನೆ ಆಳಕ್ಕೆ ಇಳಿದ ತಾಯಿಬೇರಿನ ಚಿತ್ರ ನಮ್ಮ ಮನಸ್ಸಿಗೆ ಬರುತ್ತದೆ. ವಾಸ್ತವದಲ್ಲಿ ಬೆಳೆದ ಮರದ ಬೇರುಗಳ ಬಹುಪಾಲು ನೆಲದ ಮೇಲಿನ ಎರಡು ಮೂರು ಅಡಿಗಳಲ್ಲಿಯೇ ಇರುತ್ತದೆ. ನೀರು ಮತ್ತು ಪೋಷಕಾಂಶಗಳನ್ನು ಹೀರುವ ಕೂದಲೆಳೆಯಂಥ ಬೇರುಗಳು ಇನ್ನೂ ಮೇಲೆ, ಮೊದಲ ಒಂದು ಅಡಿಯಲ್ಲಿ, ಕೊಂಬೆಗಳ ಹರವನ್ನೂ ಮೀರಿ ಹಬ್ಬಿರುತ್ತವೆ. ಈ ಬೇರುಗಳಿಗೆ ನೀರಿನಷ್ಟೇ ಗಾಳಿಯೂ ಬೇಕು. ಜಲ್ಲಿ ತುಂಬಿದ ಲಾರಿ ಹಸಿ ನೆಲದ ಮೇಲೆ ನಾಲ್ಕಾರು ಬಾರಿ ಓಡಾಡಿದರೆ ಮಣ್ಣಿನ ಕಣಗಳ ನಡುವಣ ಗಾಳಿಯ ಸಂದುಗಳು ಮುಚ್ಚಿಹೋಗುತ್ತವೆ. ಮೇಲೆ ಮಣ್ಣು ಏರಿಸಿದರೂ ಕಾಂಕ್ರೀಟು ಹಾಸಿದರೂ ಪರಿಣಾಮ ಒಂದೇ. ಸಿಮೆಂಟ್ ತೊಳೆದ ನೀರು ತೀವ್ರ ಕ್ಷಾರ. ಅದು ಇಂಗಿದ ಮಣ್ಣಿನಲ್ಲಿ ಕಬ್ಬಿಣದಂಥ ಪೋಷಕಾಂಶಗಳು ಇದ್ದರೂ ಬೇರಿಗೆ ದಕ್ಕುವುದಿಲ್ಲ.

ವ್ಯಾಪಾರಿಯ ದೃಷ್ಟಿಯಿಂದ ಇದರಲ್ಲಿ ಮುಖ್ಯವಾದದ್ದು ಕಾಲದ ಅಂತರ. ಮರವು ತನ್ನಲ್ಲಿ ಕೂಡಿಟ್ಟ ಆಹಾರದ ಬಲದಿಂದ ಎರಡು, ಮೂರು, ಕೆಲವೊಮ್ಮೆ ಐದಾರು ವರ್ಷ ಹಸಿರಾಗಿಯೇ ಇರುತ್ತದೆ. ಅಷ್ಟರಲ್ಲಿ ಗುತ್ತಿಗೆದಾರನ ಕೊನೆಯ ಬಿಲ್ಲು ಪಾವತಿಯಾಗಿ, ತಡೆಹಿಡಿದ ಹಣವೂ ಬಿಡುಗಡೆಯಾಗಿರುತ್ತದೆ. ನಷ್ಟ ಉಂಟಾದ ವರ್ಷ ಒಂದು, ಅದು ಕಾಣಿಸಿಕೊಳ್ಳುವ ವರ್ಷ ಇನ್ನೊಂದು. ಸ್ವಂತ ಹೊಣೆಯ ನಷ್ಟವಾದ್ದರಿಂದ ಯಾರ ಮೇಲೆಯೂ ಹಕ್ಕು ಸಾಧಿಸುವಂತಿಲ್ಲ.

ಕಾನೂನಿನ ಮಾತು

'ನಾವು ಮರ ಕಡಿದಿಲ್ಲವಲ್ಲ, ಕಾನೂನು ನಮಗೇಕೆ ಅನ್ವಯಿಸುತ್ತದೆ' ಎಂಬ ಭಾವನೆ ವ್ಯಾಪಕವಾಗಿದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಲ್ಲಿ ಮರ ಕಡಿಯುವುದು ಎಂಬ ಪದಕ್ಕೆ ಕೊಟ್ಟಿರುವ ವ್ಯಾಖ್ಯೆಯನ್ನು ಸದಸ್ಯರು ಒಮ್ಮೆ ಓದಬೇಕು. ಕಾಂಡವನ್ನು ಬೇರಿನಿಂದ ಬೇರ್ಪಡಿಸುವುದು, ಬುಡಸಮೇತ ಕೀಳುವುದು ಮಾತ್ರವಲ್ಲದೆ ಬುಲ್ಡೋಜರಿನಿಂದ ನೂಕುವುದು, ಸುತ್ತಲೂ ತೊಗಟೆ ಸುಲಿಯುವುದು, ಕೊಂಬೆ ಸವರುವುದು, ನೆತ್ತಿ ಕಡಿಯುವುದು, ಸುಡುವುದು, ವಿಷ ಹಾಕುವುದು ಮತ್ತು ಅನ್ಯ ರೀತಿಯಲ್ಲಿ ಮರಕ್ಕೆ ಹಾನಿಯುಂಟುಮಾಡುವುದು, ಇವೆಲ್ಲವೂ ಅದರಲ್ಲಿ ಸೇರಿವೆ. ಬೇರು ಹರಿದು ಮರವನ್ನು ಮೆಲ್ಲನೆ ಸಾಯಿಸುವುದು ಈ ಕೊನೆಯ ಮಾತಿನ ಹೊರಗೆ ಉಳಿಯುತ್ತದೆಂದು ವಾದಿಸುವುದು ಕಷ್ಟ.

ಅದೇ ಅಧಿನಿಯಮದ 8ನೆಯ ಪ್ರಕರಣದ ಪ್ರಕಾರ ವೃಕ್ಷ ಅಧಿಕಾರಿಯ ಪೂರ್ವಾನುಮತಿಯಿಲ್ಲದೆ ಸ್ವಂತ ಭೂಮಿಯ ಮರವನ್ನೂ ಕಡಿಯುವಂತಿಲ್ಲ. ಅರ್ಜಿಯೊಂದಿಗೆ ನಿವೇಶನದ ನಕ್ಷೆ ಹಾಗೂ ಯಾವ ಮರ ಎಲ್ಲಿದೆ ಎಂಬ ವಿವರ ಇರಬೇಕು. ಒಣಗಿದ, ರೋಗ ತಗುಲಿದ, ಗಾಳಿಗೆ ಬಿದ್ದ ಮರಗಳಿಗೆ ಹಾಗೂ ಜೀವಕ್ಕೋ ಆಸ್ತಿಗೋ ಅಪಾಯ ತರುವ ಮರಗಳಿಗೆ ಅನುಮತಿ ನಿರಾಕರಿಸುವಂತಿಲ್ಲವೆಂದು ಕಾನೂನೇ ಹೇಳುತ್ತದೆ. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಮುಂತಾದ ಜಾತಿಗಳಿಗೆ ವಿನಾಯಿತಿ ಉಂಟು. ವಿನಾಯಿತಿಯ ಪಟ್ಟಿ ಕಾಲಕಾಲಕ್ಕೆ ತಿದ್ದುಪಡಿಯಾಗಿರುವುದರಿಂದ ಹಳೆಯ ಪ್ರತಿಯನ್ನು ನಂಬದೆ ಕಚೇರಿಯಲ್ಲಿ ವಿಚಾರಿಸುವುದು ಒಳಿತು. ಶ್ರೀಗಂಧದ ಮಾತು ಬೇರೆ. 2001ರ ತಿದ್ದುಪಡಿಯ ನಂತರ ಖಾಸಗಿ ಭೂಮಿಯಲ್ಲಿ ಬೆಳೆದ ಶ್ರೀಗಂಧಕ್ಕೆ ಭೂಮಾಲೀಕನೇ ಒಡೆಯನಾದರೂ ಅರಣ್ಯ ಇಲಾಖೆಯನ್ನು ಬಿಟ್ಟು ಅದನ್ನು ಮುಟ್ಟುವಂತಿಲ್ಲ.

ಅರ್ಜಿ ಸಲ್ಲಿಸುವುದು ಎಲ್ಲಿ ಎಂಬ ಪ್ರಶ್ನೆಯೂ ಬೆಂಗಳೂರಿನ ಸದಸ್ಯರಿಗೆ ಈಗ ಎದುರಾಗಿದೆ. 2025ರ ಸೆಪ್ಟೆಂಬರಿನಲ್ಲಿ ಬೃಹತ್ ಮಹಾನಗರ ಪಾಲಿಕೆಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದಿರುವುದರಿಂದ, ಹಳೆಯ ವಿಳಾಸಕ್ಕೆ ಕಾಗದ ಕಳುಹಿಸಿ ಕಾಯುವ ಬದಲು ನಿಮ್ಮ ನಿವೇಶನಕ್ಕೆ ಸಂಬಂಧಿಸಿದ ಕಚೇರಿ ಯಾವುದೆಂದು ಖಚಿತಪಡಿಸಿಕೊಳ್ಳಬೇಕು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಗುತ್ತಿಗೆ-ಸಹ-ಮಾರಾಟದ ಕರಾರಿನ ಮೇಲೆ ನಿವೇಶನ ಪಡೆದವರು ಕ್ರಯಪತ್ರವಾಗುವವರೆಗೆ ಭೂಮಿಯ ಒಡೆತನ ಮಂಡಳಿಯದೇ ಎಂಬುದನ್ನು ನೆನಪಿಟ್ಟುಕೊಂಡು ಕರಾರುಪತ್ರದ ಷರತ್ತುಗಳನ್ನು ಮೊದಲು ನೋಡತಕ್ಕದ್ದು. 20,000 ಚದರ ಮೀಟರ್ ಮತ್ತು ಅದಕ್ಕೆ ಮೇಲ್ಪಟ್ಟ ಕಟ್ಟಡಗಳಿಗೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿಯ ಪ್ರಶ್ನೆ ಬರುತ್ತದೆ; ನಮ್ಮ ಸದಸ್ಯರಲ್ಲಿ ಹೆಚ್ಚಿನವರಿಗೆ ಅದು ಅನ್ವಯಿಸದು.

ಬುಡಕ್ಕೆ ಕಾಂಕ್ರೀಟ್ ಹಾಕುವ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರ ಏಪ್ರಿಲ್‌ನಲ್ಲಿ ದೆಹಲಿಯ ಪ್ರಕರಣವೊಂದರಲ್ಲಿ ನೀಡಿದ ಆದೇಶ ಗಮನಾರ್ಹ. ಮರಗಳ ಸುತ್ತ ಒಂದು ಮೀಟರ್ ಅಂತರದೊಳಗಿನ ಕಾಂಕ್ರೀಟನ್ನು ತೆಗೆಯಬೇಕು, ಮರಗಳಿಗೆ ಹೊಡೆದ ಫಲಕಗಳನ್ನೂ ಮೊಳೆಗಳನ್ನೂ ಕೀಳಬೇಕು ಎಂದು ಅದು ಅಲ್ಲಿನ ಸಂಸ್ಥೆಗಳಿಗೆ ಆಜ್ಞಾಪಿಸಿತು. ಆದೇಶ ದೆಹಲಿಗೆ ಸಂಬಂಧಿಸಿದ್ದೇನೋ ನಿಜ. ಆದರೆ ಒಂದು ಮೀಟರ್ ಎಂಬುದು ಕನಿಷ್ಠ. ಮರ ಬದುಕಲು ಬೇಕಾದ ಜಾಗ ಅದಕ್ಕಿಂತ ಬಹಳ ಹೆಚ್ಚು.

ಎಷ್ಟು ಜಾಗ ಬಿಡಬೇಕು

ಇದಕ್ಕೆ ಸುಲಭವಾದ ಲೆಕ್ಕವಿದೆ. ಬ್ರಿಟನ್ನಿನ ಬಿ.ಎಸ್. 5837 ಎಂಬ ಮಾನದಂಡದ 2012ರ ಆವೃತ್ತಿಯ ಪ್ರಕಾರ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಾಂಡದ ವ್ಯಾಸ ಎಷ್ಟಿದೆಯೋ ಅದರ ಹನ್ನೆರಡು ಪಟ್ಟು ತ್ರಿಜ್ಯದ ವೃತ್ತವನ್ನು ಬೇರಿನ ರಕ್ಷಣಾ ವಲಯವೆಂದು ಬಿಡಬೇಕು. ಗರಿಷ್ಠ ಹದಿನೈದು ಮೀಟರ್. ಒಂದು ಅಡಿಗೆ ಹನ್ನೆರಡು ಇಂಚುಗಳಾದ್ದರಿಂದ ಈ ಲೆಕ್ಕ ನಮ್ಮ ಅಳತೆಯಲ್ಲಿ ಇನ್ನೂ ಸರಳ: ವ್ಯಾಸ ಎಷ್ಟು ಇಂಚೋ ಅಷ್ಟು ಅಡಿ. ಎದೆಮಟ್ಟದಲ್ಲಿ ಟೇಪು ಸುತ್ತಿ ಅಳೆದಾಗ ಮರದ ಸುತ್ತಳತೆ 72 ಇಂಚು ಬಂದಿತೆನ್ನಿ. ಅದನ್ನು 3.14ರಿಂದ ಭಾಗಿಸಿದರೆ ವ್ಯಾಸ ಸುಮಾರು 23 ಇಂಚು. ಆದ್ದರಿಂದ ಮರದಿಂದ ಎಲ್ಲ ದಿಕ್ಕಿಗೂ 23 ಅಡಿ ಬಿಡಬೇಕು. ಈ ವೃತ್ತದ ವಿಸ್ತೀರ್ಣ ಸುಮಾರು 1,660 ಚದರ ಅಡಿ. ಅರ್ಧ ಎಕರೆಯ ನಿವೇಶನದಲ್ಲಿ ಅದು ಹದಿಮೂರರಲ್ಲಿ ಒಂದು ಪಾಲು.

ಚಿಕ್ಕ ನಿವೇಶನದಲ್ಲಿ ಇದು ಸಾಧ್ಯವೇ ಎಂದು ಕೇಳಿದರೆ, ಬಹಳ ಸಲ ಸಾಧ್ಯವಿಲ್ಲ. 40×60 ಅಡಿಯ ಜಾಗದಲ್ಲಿ ಇಂಥ ಮರವನ್ನೂ ಪೂರ್ಣ ಪ್ರಮಾಣದ ಕಟ್ಟಡವನ್ನೂ ಒಟ್ಟಿಗೆ ಇಟ್ಟುಕೊಳ್ಳುತ್ತೇವೆಂಬುದು ಕಾಗದದ ಮೇಲಿನ ಮಾತು. ಅಂಥಲ್ಲಿ ಕಾನೂನುಬದ್ಧವಾಗಿ ಅನುಮತಿ ಪಡೆದು ಮರ ತೆಗೆಸಿ, ಬದಲಿ ಗಿಡಗಳನ್ನು ನೆಡುವುದೇ ಪ್ರಾಮಾಣಿಕ ಮಾರ್ಗವೆಂದು ನನ್ನ ಅಭಿಪ್ರಾಯ. ಅರೆಜೀವ ಮಾಡಿ ನಿಲ್ಲಿಸಿಕೊಂಡ ಮರ ಯಾರಿಗೂ ಉಪಕಾರಿಯಲ್ಲ. ಸ್ವಲ್ಪಮಟ್ಟಿಗೆ ಒಳಬರುವುದಾದರೆ ಅವಕಾಶವುಂಟು: 2009ರ ಆಸ್ಟ್ರೇಲಿಯಾದ ಮಾನದಂಡವು ವಲಯದ ಹತ್ತನೆಯ ಒಂದು ಭಾಗದವರೆಗಿನ ಒತ್ತುವರಿಯನ್ನು, ಅಷ್ಟೇ ಜಾಗವನ್ನು ಮತ್ತೊಂದು ಪಕ್ಕದಲ್ಲಿ ಬಿಡುವ ಷರತ್ತಿನ ಮೇಲೆ, ಅಲ್ಪವೆಂದು ಒಪ್ಪುತ್ತಿತ್ತು.

ಎಲ್ಲ ಮರಗಳೂ ಉಳಿಸಲು ಯೋಗ್ಯವಲ್ಲ. ಗುಲ್‌ಮೊಹರಿನ ಕೊಂಬೆಗಳು ಗಾಳಿಗೆ ಸುಲಭವಾಗಿ ಸೀಳುತ್ತವೆ. ಶೆಡ್ಡಿನ ಪಕ್ಕದಲ್ಲಿ ಅದನ್ನು ಉಳಿಸಲು ಹಣ ಹಾಕಬೇಡಿ. ಹೊಂಗೆ, ಬೇವು, ಮಾವು, ಹುಣಸೆಗಳಿಗೆ ಹಾಕಬಹುದು. ಮರವನ್ನು ಕಿತ್ತು ಬೇರೆಡೆ ನೆಡಿಸುವುದಕ್ಕೆ ಈಚೆಗೆ ಹೆಚ್ಚು ಪ್ರಚಾರ ದೊರೆತಿದೆ. ಆಲ, ಅರಳಿ, ಅತ್ತಿಯ ಜಾತಿಗಳು ಸ್ಥಳಾಂತರವನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತವೆ. ಉಳಿದವುಗಳಲ್ಲಿ ಹೆಚ್ಚಿನವು ತಾಳಲಾರವು. ಕ್ರೇನಿನ ಬಾಡಿಗೆಯ ಜೊತೆಗೆ ಒಂದೆರಡು ವರ್ಷದ ನೀರು ಮತ್ತು ಆರೈಕೆಯ ಖರ್ಚನ್ನೂ ಸೇರಿಸಿ ನೋಡಿದ ಮೇಲೆಯೇ ನಿರ್ಧರಿಸಿ.

ಹುಬ್ಬಳ್ಳಿ, ಗದಗ, ಬಾಗಲಕೋಟೆ, ವಿಜಯಪುರದ ಕಡೆಯ ಎರೆ ಭೂಮಿಯಲ್ಲಿ ಕಟ್ಟುವ ಸದಸ್ಯರಿಗೆ ಒಂದು ಪ್ರತ್ಯೇಕ ಮಾತು. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ದೊಡ್ಡ ಮರವು ಸುತ್ತಲಿನ ತೇವವನ್ನು ಹೀರುತ್ತಿರುವುದರಿಂದ ಅಲ್ಲಿನ ಮಣ್ಣು ಕುಗ್ಗಿದ ಸ್ಥಿತಿಯಲ್ಲಿರುತ್ತದೆ. ಅಂಥ ಮರವನ್ನು ಕಡಿದು ಕೂಡಲೇ ಅದೇ ಜಾಗದಲ್ಲಿ ಪಾಯ ಹಾಕಿದರೆ, ಮುಂದಿನ ಮಳೆಗಾಲಗಳಲ್ಲಿ ತೇವ ಮರಳಿ ಮಣ್ಣು ಉಬ್ಬಿ ನೆಲಹಾಸು ಮೇಲೆದ್ದು ಗೋಡೆ ಬಿರುಕು ಬಿಡುವ ಸಂಭವವಿದೆ. ಮರವನ್ನು ಉಳಿಸಿ ಅದಕ್ಕೆ ತೀರ ಹತ್ತಿರ ಆಳವಿಲ್ಲದ ಪಾಯ ಹಾಕಿದರೂ ಬಿರುಕು ತಪ್ಪದು. ಆಗ ಮಣ್ಣು ಕುಸಿಯುವುದರಿಂದ. ಎರೆ ಭೂಮಿಯಲ್ಲಿ ಹೇಗೂ ಬಳಕೆಯಲ್ಲಿರುವ ಅಂಡರ್ ರೀಮ್ಡ್ ಪೈಲುಗಳ ಮೇಲೆ ತೊಲೆ ಕೂರಿಸಿ ಕಟ್ಟಿದರೆ ಕಟ್ಟಡಕ್ಕೂ ಭದ್ರ. ಉದ್ದಕ್ಕೂ ಕಂದಕ ತೋಡದಿರುವುದರಿಂದ ಬೇರುಗಳಿಗೂ ಕ್ಷೇಮ. ಇದನ್ನು ನಕ್ಷೆಯ ಹಂತದಲ್ಲಿಯೇ ಸ್ಟ್ರಕ್ಚರಲ್ ಎಂಜಿನಿಯರರೊಡನೆ ಚರ್ಚಿಸಬೇಕು.

ಕರಾರಿನಲ್ಲಿ ಬರೆಯಿಸಿ

ಗುತ್ತಿಗೆದಾರರನ್ನು ದೂರಿ ಪ್ರಯೋಜನವಿಲ್ಲ. ಅಂದಾಜು ಪಟ್ಟಿಯಲ್ಲಿ ಇಲ್ಲದ ಕೆಲಸವನ್ನು ಯಾವ ಮೇಸ್ತ್ರಿಯೂ ಮಾಡುವುದಿಲ್ಲ. 'ಮರ ಜೋಪಾನ' ಎಂದು ಬಾಯಿಮಾತಿನಲ್ಲಿ ಹೇಳಿದ್ದು ಮೊದಲ ಲಾರಿ ಬರುವವರೆಗೆ ಮಾತ್ರ ನೆನಪಿರುತ್ತದೆ. ಆದ್ದರಿಂದ ಅಳತೆ ನಕ್ಷೆ ಮಾಡಿಸುವಾಗಲೇ ಪ್ರತಿ ಮರದ ಜಾಗ, ಜಾತಿ, ಸುತ್ತಳತೆ ಬರೆಯಿಸಿ, ಸಂಖ್ಯೆ ಕೊಟ್ಟು, ನಾಲ್ಕೂ ದಿಕ್ಕಿನಿಂದ ದಿನಾಂಕ ಸಹಿತ ಛಾಯಾಚಿತ್ರ ತೆಗೆಸಿಡಿ. ಮುಂದೆ ವೃಕ್ಷ ಅಧಿಕಾರಿಗಾಗಲಿ ವಿಮಾ ಸರ್ವೇಯರಿಗಾಗಲಿ ತೋರಿಸಲು ಇದೇ ದಾಖಲೆ.

ಅಂದಾಜು ಪಟ್ಟಿಯಲ್ಲಿ ಬೇಲಿಗೆ ಪ್ರತ್ಯೇಕ ಬಾಬು ಇರಲಿ. ಕಬ್ಬಿಣದ ಕೊಳವೆ ನಿಲ್ಲಿಸಿ ಹಳೆಯ ತಗಡು ಕಟ್ಟಿದರೂ ಸಾಕು. ಹಗ್ಗ ಅಥವಾ ಪ್ಲಾಸ್ಟಿಕ್ ಪಟ್ಟಿ ಸಾಲದು, ಅದನ್ನು ಎತ್ತಿ ದಾಟುತ್ತಾರೆ. ಬೇಲಿ ಏಳಬೇಕಾದದ್ದು ಜೆಸಿಬಿ ಒಳಗೆ ಬರುವ ಮುಂಚೆ, ತೆಗೆಯಬೇಕಾದದ್ದು ಕೊನೆಯ ಲಾರಿ ಹೊರಗೆ ಹೋದ ಮೇಲೆ. ಅದರೊಳಗೆ ಸಾಮಗ್ರಿ, ವಾಹನ, ಕಾರ್ಮಿಕರ ಗುಡಿಸಲು, ಅಡುಗೆ ಬೆಂಕಿ ಯಾವುದೂ ಇರಕೂಡದು. ಕೇಬಲ್ಲು, ನೀರಿನ ಕೊಳವೆ, ಒಳಚರಂಡಿಗಳ ದಾರಿಯನ್ನು ನಕ್ಷೆಯಲ್ಲಿಯೇ ಬೇಲಿಯ ಹೊರಗೆ ತಿರುಗಿಸಿ. ನನ್ನ ಅನುಭವದಲ್ಲಿ ಮರಗಳನ್ನು ಹೆಚ್ಚಾಗಿ ಕೊಲ್ಲುವುದು ಕಟ್ಟಡವಲ್ಲ, ಕಟ್ಟಡ ಮುಗಿದ ಮೇಲೆ ಬರುವ ಈ ಕಾಲುವೆಗಳು. ಅಷ್ಟು ಹೊತ್ತಿಗೆ ಎಲ್ಲರ ಗಮನವೂ ಉದ್ಘಾಟನೆಯ ಕಡೆಗಿರುತ್ತದೆ. ವಾಹನ ಒಳಗೆ ಹಾಯಲೇಬೇಕಾದಲ್ಲಿ ನೆಲದ ಮೇಲೆ ಅರ್ಧ ಅಡಿ ಮರದ ಚಕ್ಕೆ ಹರಡಿ, ಮೇಲೆ ಉಕ್ಕಿನ ಹಾಳೆ ಅಥವಾ ದಪ್ಪ ಹಲಗೆ ಹಾಸಬಹುದು. ಕಾಲುವೆ ಅನಿವಾರ್ಯವಾದರೆ ಕೈಯಿಂದ ಅಗೆಯಿಸಿ. ಹೆಬ್ಬೆರಳಿಗಿಂತ ದಪ್ಪ, ಅಂದರೆ ಒಂದು ಇಂಚಿಗೆ ಮೀರಿದ ಬೇರನ್ನು ಬಲ್ಲವರನ್ನು ಕೇಳದೆ ಕಡಿಯಬಾರದು. ಸಣ್ಣ ಬೇರನ್ನು ಗರಗಸದಿಂದ ನುಣ್ಣಗೆ ಕೊಯ್ಯಬೇಕೇ ಹೊರತು ಯಂತ್ರದಿಂದ ಹರಿಯಬಾರದು. ಬೇಸಿಗೆಯಲ್ಲಿ ಕಾಮಗಾರಿ ನಡೆಯುವಾಗ ವಾರಕ್ಕೊಮ್ಮೆಯಾದರೂ ವಲಯಕ್ಕೆ ನೀರು ಬಿಡಿಸಿ.

ಪ್ರತಿ ಮರಕ್ಕೂ ಇಂತಿಷ್ಟೆಂದು ಪರಿಹಾರದ ಮೊತ್ತವನ್ನು ಕರಾರಿನಲ್ಲಿಯೇ ನಿಗದಿಪಡಿಸಿ. ಹಾನಿ ತಡವಾಗಿ ಕಾಣಿಸುವುದರಿಂದ 'ಮರ ಸತ್ತರೆ' ಎಂದು ಬರೆದರೆ ಉಪಯೋಗವಿಲ್ಲ. ಬೇಲಿ ಸರಿಸಿದರೆ, ವಲಯದಲ್ಲಿ ಸಾಮಗ್ರಿ ಸುರಿದರೆ, ಅಗೆದರೆ ಎಂದು ಕಣ್ಣಿಗೆ ಕಾಣುವ ಕೃತ್ಯಗಳನ್ನು ಬರೆಯಿರಿ. ಪ್ರತಿಯೊಂದು ಹಂತದ ಬಿಲ್ಲಿಗೆ ಸಹಿ ಹಾಕುವ ಮುನ್ನ ಎಂಜಿನಿಯರರು ಬೇಲಿ ಸ್ವಸ್ಥಾನದಲ್ಲಿದೆಯೆಂದು ದೃಢೀಕರಿಸುವ ಒಂದು ಸಾಲು ಸೇರಿಸಿದರೆ ಉಳಿದ ಕೆಲಸ ತಾನಾಗಿ ನಡೆಯುತ್ತದೆ. ಹಣ ತಡೆಯುವ ಸಾಲನ್ನು ಎಲ್ಲರೂ ಓದುತ್ತಾರೆ.

ಲೆಕ್ಕದ ಪುಸ್ತಕದಲ್ಲಿ

ನೆರಳಿನ ಮರವು ಅಢಾವೆ ಪತ್ರಿಕೆಯಲ್ಲಿ ಎಲ್ಲಿಯೂ ಬರುವುದಿಲ್ಲ. ಅದಕ್ಕೆ ಪುಸ್ತಕ ಬೆಲೆಯಿಲ್ಲ. ಹಾಗಾಗಿಯೇ ಅದು ಹೋದಾಗ ಯಾವ ಖಾತೆಯಲ್ಲಿಯೂ ಸದ್ದಾಗುವುದಿಲ್ಲ. ರಕ್ಷಣೆಯ ಖರ್ಚಿಗಾದರೋ ಸ್ಪಷ್ಟ ಸ್ಥಾನವಿದೆ. ಕಟ್ಟಡಕ್ಕಾಗಿ ಸ್ಥಳ ಸಿದ್ಧಗೊಳಿಸುವ ವೆಚ್ಚವು ಪರಿಷ್ಕೃತ ಲೆಕ್ಕಪತ್ರ ಮಾನದಂಡ 10ರಂತೆ ಸ್ಥಿರಾಸ್ತಿಯ ಮೂಲಬೆಲೆಯ ಭಾಗ. ಕಾಮಗಾರಿಗೆ ನೇರವಾಗಿ ಸಂಬಂಧಿಸಿದ ಬೇಲಿ, ನಕ್ಷೆ, ತಜ್ಞರ ಶುಲ್ಕಗಳನ್ನು ಕಟ್ಟಡದ ಖಾತೆಗೇ ಸೇರಿಸಬಹುದು. ಆದಾಯ ತೆರಿಗೆಯಲ್ಲಿ ಕಾರ್ಖಾನೆ ಕಟ್ಟಡದೊಡನೆ ಶೇ. 10ರ ಸವಕಳಿ ದೊರೆಯುತ್ತದೆ. ಆದರೆ ಸ್ವಂತಕ್ಕೆ ಕಟ್ಟುವ ಸ್ಥಿರಾಸ್ತಿಗೆ ಬಂಡವಾಳವಾಗಿ ಸೇರಿಸಿದ ವೆಚ್ಚಕ್ಕೆ ಜಿ.ಎಸ್.ಟಿ. ಕಾಯಿದೆಯ 17(5)ನೆಯ ಪ್ರಕರಣದಂತೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ; ಅಂದಾಜಿನಲ್ಲಿ ತೆರಿಗೆಯನ್ನೂ ಸೇರಿಸಿಯೇ ಲೆಕ್ಕ ಹಾಕಿ. ಕಾಮಗಾರಿ ಮುಗಿದ ಮೇಲಿನ ಕೊಂಬೆ ಸವರುವಿಕೆ, ಪಾಲನೆಯ ಖರ್ಚು ಆಯಾ ವರ್ಷದ ವೆಚ್ಚ. ಬದಲಿ ಗಿಡಗಳಿಗಾಗಿ ಮರುಪಾವತಿಯಾಗಬಲ್ಲ ಠೇವಣಿ ಕಟ್ಟಿದ್ದರೆ ಅದನ್ನು ಖರ್ಚು ಬರೆದು ಮರೆತುಬಿಡಬೇಡಿ, ಆಸ್ತಿಯ ಬದಿಯಲ್ಲಿ ತೋರಿಸಿ. ಕಾನೂನಿನ ಪ್ರಕಾರ ಅಪರಾಧವಾದ ಕೃತ್ಯಕ್ಕೆ ತೆತ್ತ ದಂಡವನ್ನು ವ್ಯವಹಾರ ವೆಚ್ಚವೆಂದು ಕಳೆಯಲು ಬರುವುದಿಲ್ಲ.

ನಮ್ಮ ಮಿತ್ರರು 2019ರಲ್ಲಿ ಮೂರನೆಯ ಶೆಡ್ಡು ಕಟ್ಟಿಸಿದಾಗ ಎರಡು ಹೊಂಗೆ ಮರಗಳಿಗೆ ತಗಡಿನ ಬೇಲಿ ಹಾಕಿಸಿದರು. ಖರ್ಚು ಹದಿನಾರು ಸಾವಿರ ರೂಪಾಯಿ. ತಗಡು ಹೇಗೂ ಬಿದ್ದ ಶೆಡ್ಡಿನದೇ ಇತ್ತು. ಕಳೆದ ಬಾರಿ ಹೋದಾಗ ಎರಡೂ ಮರಗಳ ಬುಡ ನೆಲದ ಬಳಿ ಅಗಲವಾಗಿ ಹರಡಿಕೊಂಡಿರುವುದನ್ನು ನೋಡಿಯೇ ಕಾರು ನಿಲ್ಲಿಸಿದೆ.